ಇಲ್ಲಿ ಸೀಟು ಸಿಗಲಿಲ್ಲ, ಮಗಳನ್ನು ಫಿಸಿಯೊಥೆರಪಿಗೆ ಹೊರದೇಶಕ್ಕೆ ಕಳಿಸಲೇ?

ಪ್ರಶ್ನೆ: ಮೇಡಂ, ನಾವು ಶಿರಸಿ ತಾಲೂಕಿನವರು. ಎರಡು ಎಕರೆ ಅಡಿಕೆ ತೋಟ, ಪೇಟೆಯಲ್ಲಿ ಒಂದು ಸಣ್ಣ ಸೈಟು ಇದೆ. ಮಗಳಿಗೆ ಪಿಯುಸಿ ವಿಜ್ಞಾನದಲ್ಲಿ ಶೇಕಡಾ 81 ಬಂದಿದೆ. ಫಿಸಿಯೊಥೆರಪಿಯೇ ಬೇಕು ಅಂತಾಳೆ. ಎರಡು ಹೆಸರಾಂತ ಕಾಲೇಜುಗಳಿಗೆ ಹಾಕಿದ್ದೆವು, ಎರಡರಲ್ಲೂ ಆಗಲಿಲ್ಲ. ಸರ್ಕಾರಿ ಕಾಲೇಜಿನ ಸೀಟೂ ಬರಲಿಲ್ಲ. ಹುಬ್ಬಳ್ಳಿಯ ಒಂದು ಕನ್ಸಲ್ಟೆನ್ಸಿಯವರು ಮೂರು ದಾರಿ ಹೇಳಿದ್ದಾರೆ. ಇಂಗ್ಲೆಂಡಿನಲ್ಲಿ ಮೂರು ವರ್ಷದ ಸ್ಪೋರ್ಟ್ಸ್ ಥೆರಪಿ, ಕೆನಡಾದಲ್ಲಿ ಎರಡು ವರ್ಷದ ಫಿಸಿಯೊಥೆರಪಿ ಅಸಿಸ್ಟೆಂಟ್ ಡಿಪ್ಲೊಮಾ, ಇಲ್ಲಾ ಜಾರ್ಜಿಯಾದಲ್ಲಿ ನಾಲ್ಕು ವರ್ಷದ ಪದವಿ. ಮೂರರಲ್ಲಿ ಯಾವುದಾದರೂ 'ಒಂದೇ' ಎನ್ನುತ್ತಾರೆ. ಸೀಟು ಹಿಡಿಯಲು ತಿಂಗಳೊಳಗೆ ದುಡ್ಡು ಕಟ್ಟಬೇಕಂತೆ. ತೋಟದ ಮೇಲೆ ಸಾಲ ತೆಗೆಯುವ ಯೋಚನೆಯಲ್ಲಿದ್ದೇವೆ. ಏನು ಮಾಡೋಣ?

ಉತ್ತರ: ಮೊದಲು ದುಡ್ಡು ಕಟ್ಟುವುದನ್ನು ನಿಲ್ಲಿಸಿ. ಹೊರದೇಶ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಅವರು ಹೇಳಿದ ಮೂರೂ ದಾರಿ ಒಂದೇ ಅಲ್ಲ. ಅದರಲ್ಲಿ ಎರಡು ಫಿಸಿಯೊಥೆರಪಿಸ್ಟ್ ಆಗುವ ದಾರಿಯೇ ಅಲ್ಲ.

ನಮ್ಮ ಫಿಸಿಯೊಥೆರಪಿ ಕೆಲಸದಲ್ಲಿ ಪದವಿ ಬೇರೆ, ಲೈಸೆನ್ಸ್ ಬೇರೆ. ಕಂಪ್ಯೂಟರ್ ಓದಿದವರು ಯಾವ ದೇಶದಲ್ಲಿ ಓದಿದರೂ ಎಲ್ಲಿ ಬೇಕಾದರೂ ಕೆಲಸ ಹುಡುಕಬಹುದು. ರೋಗಿಯ ಮೈ ಮುಟ್ಟುವ ಕೆಲಸ ಹಾಗಲ್ಲ. ಹೆಚ್ಚಿನ ದೇಶಗಳಲ್ಲಿ ಇದಕ್ಕೊಂದು ಮಂಡಳಿ ಇರುತ್ತದೆ. ಅದರ ಪಟ್ಟಿಯಲ್ಲಿ ಹೆಸರು ಬರದೆ ಫಿಸಿಯೊಥೆರಪಿಸ್ಟ್ ಅಂತ ಬೋರ್ಡ್ ಹಾಕುವಂತಿಲ್ಲ. ಹಾಗಾಗಿ ಯಾವ ದೇಶ, ಯಾವ ಯೂನಿವರ್ಸಿಟಿ ಅನ್ನುವುದೆಲ್ಲ ಆಮೇಲಿನ ಮಾತು. ಈ ಕೋರ್ಸ್ ಮುಗಿಸಿದ ದಿನ ನನ್ನ ಮಗಳು ಯಾವ ಮಂಡಳಿಯ ಪಟ್ಟಿಗೆ ಸೇರುತ್ತಾಳೆ? ಕನ್ಸಲ್ಟೆನ್ಸಿಯವರನ್ನು ಇದೊಂದನ್ನು ಕೇಳಿ. ಬಾಯಲ್ಲಿ ಬೇಡ, ಇ-ಮೇಲ್‌ನಲ್ಲಿ ಕೇಳಿ. ಉತ್ತರ ಬರಲು ಎಷ್ಟು ಹೊತ್ತಾಗುತ್ತದೆ ಅನ್ನುವುದರಲ್ಲೇ ಅರ್ಧ ವಿಷಯ ಗೊತ್ತಾಗುತ್ತದೆ.

ಇಂಗ್ಲೆಂಡಿನ ಸ್ಪೋರ್ಟ್ಸ್ ಥೆರಪಿ ನೋಡೋಣ. ಅಲ್ಲಿ ಫಿಸಿಯೊಥೆರಪಿಸ್ಟರ ನೋಂದಣಿ ಮಾಡುವುದು ಎಚ್‌ಸಿಪಿಸಿ, ಅಂದರೆ ಹೆಲ್ತ್ ಆ್ಯಂಡ್ ಕೇರ್ ಪ್ರೊಫೆಶನ್ಸ್ ಕೌನ್ಸಿಲ್. 'ಫಿಸಿಯೊಥೆರಪಿಸ್ಟ್' ಅನ್ನುವ ಹೆಸರಿಗೇ ಅಲ್ಲಿ ಕಾನೂನಿನ ರಕ್ಷಣೆ ಇದೆ. ಸ್ಪೋರ್ಟ್ಸ್ ಥೆರಪಿ, ಸ್ಪೋರ್ಟ್ ರಿಹ್ಯಾಬಿಲಿಟೇಶನ್, ಎಕ್ಸರ್‌ಸೈಸ್ ಸೈನ್ಸ್ ಓದಿದವರು ಆ ಪಟ್ಟಿಗೆ ಬರುವುದಿಲ್ಲ. ಓದು ಕೆಟ್ಟದ್ದು ಅಂತಲ್ಲ. ಆಟಗಾರರ ಜೊತೆ, ಜಿಮ್‌ಗಳಲ್ಲಿ, ಕ್ಲಬ್‌ಗಳಲ್ಲಿ ಅವರಿಗೆ ಕೆಲಸ ಇದೆ. ಆದರೆ ಪಾರ್ಶ್ವವಾಯು ಆದವರನ್ನು ಆಸ್ಪತ್ರೆಯ ವಾರ್ಡಿನಲ್ಲಿ ಎಬ್ಬಿಸಿ ನಡೆಸುವ ಫಿಸಿಯೊಥೆರಪಿಸ್ಟ್ ಹುದ್ದೆ ಅವರಿಗೆ ಸಿಗುವುದಿಲ್ಲ. ಊರಿಗೆ ಬಂದರೂ ಆ ಪದವಿಯಿಂದ ಫಿಸಿಯೊ ಆಗಿ ನೋಂದಣಿ ಆಗುವುದಿಲ್ಲ. ಅಲ್ಲೇ ಮತ್ತೆ, ನೋಂದಣಿಗೆ ಅರ್ಹತೆ ಕೊಡುವ ಎರಡು ವರ್ಷದ ಪ್ರೀ-ರಿಜಿಸ್ಟ್ರೇಶನ್ ಎಂಎಸ್ಸಿ ಮಾಡಿ ಫಿಸಿಯೊ ಆಗುವವರಿದ್ದಾರೆ. ಅಂದರೆ ಐದು ವರ್ಷದ ಫೀ. ಅದನ್ನು ನಿಮಗೆ ಮೊದಲೇ ಯಾರೂ ಹೇಳುವುದಿಲ್ಲ.

ಕೆನಡಾದ ಡಿಪ್ಲೊಮಾ ಬಗ್ಗೆ ಜಾಸ್ತಿ ಬರೆಯಬೇಕಾಗಿಲ್ಲ, ಹೆಸರಿನಲ್ಲೇ ಅಸಿಸ್ಟೆಂಟ್ ಅಂತ ಇದೆ. ಫಿಸಿಯೊಥೆರಪಿಸ್ಟ್ ಹೇಳಿದ್ದನ್ನು ರೋಗಿಗೆ ಮಾಡಿಸುವ ಸಹಾಯಕರ ಕೋರ್ಸ್ ಅದು. ಕೆನಡಾದಲ್ಲಿ ಫಿಸಿಯೊಥೆರಪಿಸ್ಟ್ ಆಗಬೇಕಾದರೆ ಮೊದಲು ಒಂದು ಪದವಿ, ಆಮೇಲೆ ಮಾಸ್ಟರ್ಸ್. ಆ ಮಾಸ್ಟರ್ಸ್ ಸೀಟುಗಳು ಬಹಳ ಕಡಿಮೆ, ಅಲ್ಲಿನ ಮಕ್ಕಳಿಗೇ ಸಾಲುವುದಿಲ್ಲ. ಪಿಯುಸಿ ಮುಗಿಸಿ ನೇರವಾಗಿ ಹೋಗಿ ಕೆನಡಾದಲ್ಲಿ ಫಿಸಿಯೊ ಆಗುತ್ತೇನೆ ಅನ್ನುವುದು ಆಗದ ಮಾತು. ಅಮೆರಿಕವೂ ಹಾಗೆಯೇ. ಪದವಿಯ ಮೇಲೆ ಮೂರು ವರ್ಷದ ಡಿಪಿಟಿ (ಡಾಕ್ಟರ್ ಆಫ್ ಫಿಸಿಕಲ್ ಥೆರಪಿ), ಆಮೇಲೆ ಎನ್‌ಪಿಟಿಇ ಅನ್ನುವ ಲೈಸೆನ್ಸ್ ಪರೀಕ್ಷೆ.

ಇನ್ನು ಜಾರ್ಜಿಯಾ. ಅಲ್ಲಿನ ಪದವಿ ನಿಜವಾದ ಪದವಿಯೇ ಇರಬಹುದು, ಫೀ ಕೂಡ ಕಡಿಮೆ. ನನ್ನ ತಕರಾರು ಬೇರೆ. ಪಾಠ ಇಂಗ್ಲಿಷಿನಲ್ಲಿ ಮಾಡುತ್ತಾರೆ, ಸರಿ. ರೋಗಿಗಳು ಯಾವ ಭಾಷೆ ಮಾತಾಡುತ್ತಾರೆ? ಜಾರ್ಜಿಯನ್. ಫಿಸಿಯೊಥೆರಪಿ ಪುಸ್ತಕದಿಂದ ಬರುವ ವಿದ್ಯೆ ಅಲ್ಲ. 'ಎಲ್ಲಿ ನೋವು? ಬಗ್ಗಿದಾಗ ಜಾಸ್ತಿಯಾ, ಎದ್ದಾಗ ಜಾಸ್ತಿಯಾ? ಕಾಲಿಗೆ ಇಳಿಯುತ್ತದಾ? ರಾತ್ರಿ ಎಚ್ಚರ ಆಗುತ್ತದಾ?' ಹೀಗೆ ಕೇಳಿ ಕೇಳಿಯೇ ಕೈ ಪಳಗುವುದು. ಕುಮಟಾದ ನನ್ನ ಕ್ಲಿನಿಕ್ಕಿಗೆ ಬರುವ ಮೀನುಗಾರರು ಕೊಂಕಣಿಯಲ್ಲಿ ಹೇಳುತ್ತಾರೆ. ಘಟ್ಟದ ಮೇಲಿನ ಅಜ್ಜಿಯರು ಹವಿಗನ್ನಡದಲ್ಲಿ ಹೇಳುತ್ತಾರೆ. ನೋವನ್ನು ಅವರ ಮಾತಿನಲ್ಲಿ ಹಿಡಿಯಲು ಆಗದಿದ್ದರೆ ಪರೀಕ್ಷೆ ಅರ್ಧ ತಪ್ಪಿದ ಹಾಗೆ. ಭಾಷೆ ಬರದ ಊರಿನ ಆಸ್ಪತ್ರೆಯಲ್ಲಿ ನಾಲ್ಕು ವರ್ಷ ಸೀನಿಯರ್ ಹಿಂದೆ ನಿಂತು ನೋಡಿ ಬಂದ ಹುಡುಗಿಗೆ ಪರೀಕ್ಷೆಯ ಉತ್ತರ ಬರುತ್ತದೆ, ರೋಗಿಯ ಭುಜ ಹಿಡಿಯಲು ಬರುವುದಿಲ್ಲ. ಜೊತೆಗೆ, ಆ ಪದವಿ ಹಿಡಿದು ಇಂಗ್ಲೆಂಡಿಗೆ ಹೋದರೂ, ಊರಿಗೆ ಬಂದರೂ ಆಯಾ ದೇಶದ ಮಂಡಳಿ ಮತ್ತೆ ಮೊದಲಿನಿಂದ ಪರಿಶೀಲನೆ ಮಾಡುತ್ತದೆ.

ಊರಿಗೆ ಬರುವ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮೊದಲು ನಮ್ಮ ದೇಶದಲ್ಲಿ ಫಿಸಿಯೊಥೆರಪಿಗೆ ರಾಷ್ಟ್ರಮಟ್ಟದ ಮಂಡಳಿ ಇರಲಿಲ್ಲ. 2021ರಲ್ಲಿ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಬಂತು. ಫಿಸಿಯೊಥೆರಪಿ ಅದರೊಳಗಿದೆ. ಪ್ರತಿ ರಾಜ್ಯಕ್ಕೂ ಒಂದು ಕೌನ್ಸಿಲ್, ಒಂದು ನೋಂದಣಿ ಪಟ್ಟಿ. ಹೊರದೇಶದ ಪದವಿ ಇದ್ದವರು ಆ ಪಟ್ಟಿಗೆ ಬರಬೇಕಾದರೆ ಪದವಿಗೆ ಇಲ್ಲಿ ಮಾನ್ಯತೆ ಬೇಕು. ಮೊದಲಿನ ಹಾಗೆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ಹಾಕಿ ಕ್ಲಿನಿಕ್ ಶುರು ಮಾಡುವ ಕಾಲ ಮುಗಿಯುತ್ತಾ ಬಂತು. ಹಾಗಾಗಿ ಯಾವ ದೇಶಕ್ಕೆ ಕಳಿಸುವುದಾದರೂ, ಹೋಗುವ ಮೊದಲೇ ಆಯೋಗಕ್ಕೆ ಪತ್ರ ಬರೆದು ಆ ಕೋರ್ಸಿನ ಬಗ್ಗೆ ಕೇಳಿ. ಉತ್ತರ ಬರುವುದು ತಡವಾದರೂ ಕೇಳಿ.

ಈಗ ಅವರು ಹೇಳದ ದಾರಿ. ಬ್ರಿಟನ್ನಿನಲ್ಲಿ ನಿಜವಾದ ಬಿಎಸ್ಸಿ ಫಿಸಿಯೊಥೆರಪಿ ಇದೆ. ಇಂಗ್ಲೆಂಡಿನಲ್ಲಿ ಮೂರು ವರ್ಷ, ಸ್ಕಾಟ್ಲೆಂಡಿನಲ್ಲಿ ನಾಲ್ಕು. ಎಚ್‌ಸಿಪಿಸಿಯ ವೆಬ್‌ಸೈಟಿನಲ್ಲಿ ಒಪ್ಪಿಗೆ ಪಡೆದ ಕೋರ್ಸುಗಳ ಪಟ್ಟಿ ಇದೆ. ಕೋರ್ಸಿನ ಹೆಸರು ಅಕ್ಷರ ಅಕ್ಷರ ಅದರಲ್ಲಿ ಇರಬೇಕು. ಇದನ್ನು ನೋಡಲು ಯಾರಿಗೂ ದುಡ್ಡು ಕೊಡಬೇಕಾಗಿಲ್ಲ, ಮಗಳೇ ಹತ್ತು ನಿಮಿಷದಲ್ಲಿ ನೋಡಬಹುದು. ಅರ್ಜಿಯನ್ನೂ ಯುಕಾಸ್ ಅನ್ನುವ ಜಾಲತಾಣದಲ್ಲಿ ತಾವೇ ಹಾಕಬಹುದು, ಐದು ಕೋರ್ಸಿಗೆ ಒಂದೇ ಅರ್ಜಿ. ಕನ್ಸಲ್ಟೆನ್ಸಿಯವರೆಲ್ಲ ಮೋಸಗಾರರು ಅಂತ ನಾನು ಹೇಳುವುದಿಲ್ಲ. ಆದರೆ ಅವರಿಗೆ ಕಮಿಷನ್ ಬರುವುದು ಯೂನಿವರ್ಸಿಟಿಯಿಂದ. ಸುಲಭವಾಗಿ ತುಂಬದ ಸೀಟಿಗೆ ಮಕ್ಕಳನ್ನು ಹುಡುಕುವುದು ಅವರ ಕೆಲಸ. ಕಷ್ಟಪಟ್ಟು ಸೀಟು ಸಿಗುವ ಕೋರ್ಸನ್ನು ಅವರು ನಿಮ್ಮ ಮುಂದೆ ಇಡದಿದ್ದರೆ ಆಶ್ಚರ್ಯ ಇಲ್ಲ.

ಕಷ್ಟ ಅಂದೆನಲ್ಲ, ಅದು ನಿಜ. ಇಲ್ಲಿ ಸೀಟು ಸಿಗದವರಿಗೆ ಅಲ್ಲಿ ಸುಲಭವಾಗಿ ಸಿಗುತ್ತದೆ ಅನ್ನುವುದು ತಪ್ಪು ಕಲ್ಪನೆ. ಅಲ್ಲಿನ ಮಕ್ಕಳೂ ಫಿಸಿಯೊಥೆರಪಿ ಸೀಟಿಗೆ ಮುಗಿಬೀಳುತ್ತಾರೆ. ಸಾಮಾನ್ಯವಾಗಿ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ 7, ಯಾವ ವಿಭಾಗದಲ್ಲೂ 6.5ಕ್ಕಿಂತ ಕಡಿಮೆ ಇರಬಾರದು. ಬಯಾಲಜಿಯಲ್ಲಿ ಒಳ್ಳೆಯ ಅಂಕ ಕೇಳುತ್ತಾರೆ. ನಮ್ಮ ಪಿಯುಸಿಯನ್ನು ಕೆಲವರು ನೇರವಾಗಿ ಒಪ್ಪುತ್ತಾರೆ, ಕೆಲವರು ಒಂದು ವರ್ಷ ಫೌಂಡೇಶನ್ ಮಾಡಿ ಬಾ ಅನ್ನುತ್ತಾರೆ. ಸಂದರ್ಶನ ಇರುತ್ತದೆ. 'ಯಾಕೆ ಈ ಕೆಲಸ? ಫಿಸಿಯೊ ಕೆಲಸ ಮಾಡುವುದನ್ನು ಎಲ್ಲಿ ನೋಡಿದ್ದೀಯ?' ಅಂತ ಕೇಳುತ್ತಾರೆ. ಮಗಳು ಶಿರಸಿಯ ಯಾವುದಾದರೂ ಆಸ್ಪತ್ರೆಯ ಫಿಸಿಯೊ ವಿಭಾಗದಲ್ಲಿ ಕೆಲವು ದಿನ ಕೂತು ನೋಡಿದ್ದಾಳೆಯೇ? ನೋಡದಿದ್ದರೆ, ಹೊರದೇಶ ಇರಲಿ, ಇಲ್ಲಿ ಓದುವುದಕ್ಕಾದರೂ ಮೊದಲು ಅದನ್ನು ಮಾಡಲಿ. ಎಷ್ಟೋ ಮಕ್ಕಳು ಕ್ರಿಕೆಟ್ ಮೈದಾನಕ್ಕೆ ಬ್ಯಾಗ್ ಹಿಡಿದು ಓಡುವವರನ್ನು ಟಿವಿಯಲ್ಲಿ ನೋಡಿ ಈ ಕೋರ್ಸಿಗೆ ಬರುತ್ತಾರೆ. ಬಂದ ಮೇಲೆ ಕಾಣುವುದು ಹಾಸಿಗೆ ಹಿಡಿದ ಅಜ್ಜ, ಕಫ ಕಟ್ಟಿದ ಎದೆ, ಅಳುವ ಮಗು.

ಖರ್ಚಿನ ಲೆಕ್ಕ ಹಾಕೋಣ. ಇಂಗ್ಲೆಂಡಿನಲ್ಲಿ ಹೊರದೇಶದವರಿಗೆ ಈ ಕೋರ್ಸಿನ ಫೀ ವರ್ಷಕ್ಕೆ ಸುಮಾರು 16 ಸಾವಿರದಿಂದ 25 ಸಾವಿರ ಪೌಂಡ್, ಕೆಲವು ಕಡೆ ಅದಕ್ಕೂ ಜಾಸ್ತಿ. 18 ಸಾವಿರ ಅಂತ ಹಿಡಿಯಿರಿ. ಮೂರು ವರ್ಷಕ್ಕೆ 54 ಸಾವಿರ. ಪೌಂಡಿಗೆ 115 ರೂಪಾಯಿ ಅಂದರೂ 62 ಲಕ್ಷ. ಇರುವ ಖರ್ಚು, ಲಂಡನ್ ಬಿಟ್ಟು ಬೇರೆ ಊರಿನಲ್ಲಿ, ತಿಂಗಳಿಗೆ ಸಾವಿರ ಪೌಂಡ್ ದಾಟುತ್ತದೆ. ಅದರ ಮೇಲೆ ವೀಸಾ ಶುಲ್ಕ, ವಿದ್ಯಾರ್ಥಿಗಳು ವರ್ಷಕ್ಕೆ 776 ಪೌಂಡ್ ಕಟ್ಟಬೇಕಾದ ಆರೋಗ್ಯ ಸರ್‌ಚಾರ್ಜ್, ವಿಮಾನ. ಎಲ್ಲ ಸೇರಿ ಕೋಟಿ ದಾಟುತ್ತದೆ. ಪಾರ್ಟ್ ಟೈಮ್ ಕೆಲಸ ಮಾಡಿ ತೀರಿಸುತ್ತಾಳೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ವಾರಕ್ಕೆ 20 ಗಂಟೆ ಕೆಲಸಕ್ಕೆ ವೀಸಾದಲ್ಲಿ ಅವಕಾಶ ಇದೆ, ನಿಜ. ಆದರೆ ಫಿಸಿಯೊ ಓದುವವರು ಕೋರ್ಸ್ ಮುಗಿಯುವುದರೊಳಗೆ ಸುಮಾರು 1,000 ಗಂಟೆ ಆಸ್ಪತ್ರೆ, ಕ್ಲಿನಿಕ್ಕುಗಳಲ್ಲಿ ಪ್ಲೇಸ್‌ಮೆಂಟ್, ಅಂದರೆ ಪ್ರಾಯೋಗಿಕ ತರಬೇತಿ, ಮಾಡಬೇಕು. ಅದು ಇಡೀ ದಿನದ ಡ್ಯೂಟಿ, ಸಂಬಳ ಇಲ್ಲ. ಬಸ್ಸು, ರೈಲು ಹಿಡಿದು ಬೇರೆ ಊರಿಗೂ ಹೋಗಬೇಕಾಗುತ್ತದೆ. ಬಿಸಿನೆಸ್ ಓದುವ ಹುಡುಗರ ಹಾಗೆ ಸಂಜೆ ಅಂಗಡಿಯಲ್ಲಿ ನಿಲ್ಲಲು ಆಗುವುದಿಲ್ಲ.

ಓದು ಮುಗಿದ ಮೇಲೆ? ಅಲ್ಲಿನ ಸರ್ಕಾರಿ ಆಸ್ಪತ್ರೆ ವ್ಯವಸ್ಥೆಯಾದ ಎನ್‌ಎಚ್‌ಎಸ್‌ನಲ್ಲಿ ಹೊಸ ಫಿಸಿಯೊಗಳು ಸೇರುವುದು ಬ್ಯಾಂಡ್ 5 ಅನ್ನುವ ದರ್ಜೆಗೆ. 2025-26ರಲ್ಲಿ ಇಂಗ್ಲೆಂಡಿನಲ್ಲಿ ಅದು ಶುರುವಾಗುವುದು ವರ್ಷಕ್ಕೆ 31,049 ಪೌಂಡಿನಿಂದ. ರೂಪಾಯಿಗೆ ತಿರುಗಿಸಿದರೆ ಕಣ್ಣು ಅರಳುತ್ತದೆ. ಆದರೆ ತೆರಿಗೆ, ವಿಮೆ, ಪಿಂಚಣಿ ಕಳೆದು ಕೈಗೆ ಬರುವುದು ತಿಂಗಳಿಗೆ ಸುಮಾರು ಎರಡು ಸಾವಿರ ಪೌಂಡ್. ಬಾಡಿಗೆ, ಊಟ, ಓಡಾಟ ಕಳೆದು ಉಳಿಯುವುದರಲ್ಲಿ ಸಾಲ ತೀರಬೇಕು. ಇದು ಕೆಲಸ ಸಿಕ್ಕರೆ. ಈಗೀಗ ಅಲ್ಲಿ ಓದಿದ ಸ್ಥಳೀಯ ಮಕ್ಕಳೇ ಬ್ಯಾಂಡ್ 5 ಹುದ್ದೆ ಸಿಗುತ್ತಿಲ್ಲ ಅಂತ ಪರದಾಡುತ್ತಿದ್ದಾರೆ. ಅವರ ವೃತ್ತಿ ಸಂಘವೇ ಇದನ್ನು ಎತ್ತಿ ಹೇಳುತ್ತಿದೆ. ಓದು ಮುಗಿದ ಮೇಲೆ ಕೆಲಸ ಹುಡುಕಲು ಕೊಡುತ್ತಿದ್ದ ಎರಡು ವರ್ಷದ ವೀಸಾ ಕೂಡ, 2027ರ ಜನವರಿಯಿಂದ ಅರ್ಜಿ ಹಾಕುವ ಪದವೀಧರರಿಗೆ ಒಂದೂವರೆ ವರ್ಷ ಮಾತ್ರ. ಈಗ ಹೋಗುವ ನಿಮ್ಮ ಮಗಳಿಗೆ ಇದು ನೇರವಾಗಿ ತಟ್ಟುತ್ತದೆ.

ಆಸ್ಟ್ರೇಲಿಯಾದ ಪದವಿ ನಾಲ್ಕು ವರ್ಷ. ಒಳ್ಳೆಯ ತರಬೇತಿ, ಒಳ್ಳೆಯ ಸಂಬಳ. ಆದರೆ ಫೀ ವರ್ಷಕ್ಕೆ 40 ಸಾವಿರ ಆಸ್ಟ್ರೇಲಿಯನ್ ಡಾಲರಿನ ಮೇಲೆಯೇ. ನಿಮ್ಮ ಲೆಕ್ಕಕ್ಕೆ ಅದು ಬರುವುದಿಲ್ಲ, ಬಿಡಿ.

ಜರ್ಮನಿಯನ್ನು ಮಾತ್ರ ಸ್ವಲ್ಪ ಗಮನಿಸಿ, ಅದನ್ನು ನಮ್ಮ ಕಡೆ ಯಾರೂ ಸರಿಯಾಗಿ ಹೇಳುವುದಿಲ್ಲ. ಅಲ್ಲಿ ಫಿಸಿಯೊಥೆರಪಿಯನ್ನು ಹೆಚ್ಚಾಗಿ ವೃತ್ತಿ ಶಾಲೆಗಳಲ್ಲಿ ಕಲಿಸುತ್ತಾರೆ. ಆಸ್‌ಬಿಲ್ಡುಂಗ್ ಅನ್ನುತ್ತಾರೆ, ಮೂರು ವರ್ಷ, ಕೊನೆಗೆ ಸರ್ಕಾರದ ಪರೀಕ್ಷೆ. ಹಲವು ರಾಜ್ಯಗಳಲ್ಲಿ ಶಾಲಾ ಫೀ ತೆಗೆದುಹಾಕಿದ್ದಾರೆ. ಸರ್ಕಾರಿ ಆಸ್ಪತ್ರೆಗಳಿಗೆ ಸೇರಿದ ಶಾಲೆಗಳಲ್ಲಿ 2019ರಿಂದ ತಿಂಗಳ ಭತ್ಯೆಯೂ ಇದೆ. ಫಿಸಿಯೊಗಳ ಕೊರತೆಯೂ ಅಲ್ಲಿ ನಿಜ. ಹಾಗಾದರೆ ತೊಡಕೇನು? ಜರ್ಮನ್ ಭಾಷೆ ಬಿ2, ಅಂದರೆ ಸರಾಗವಾಗಿ ಮಾತಾಡುವ ಮಟ್ಟಕ್ಕೆ ಬರಬೇಕು. ಶುರುವಿನಿಂದ ಕಲಿತರೆ ಅದಕ್ಕೇ ವರ್ಷ ಹಿಡಿಯುತ್ತದೆ. ಎರಡನೆಯದು, ಕೊನೆಗೆ ಸಿಗುವುದು ಪದವಿ ಅಲ್ಲ, ವೃತ್ತಿ ಪ್ರಮಾಣಪತ್ರ. ಜರ್ಮನಿಯಲ್ಲೇ ಉಳಿಯುವವರಿಗೆ ತೊಂದರೆ ಇಲ್ಲ. ತಿರುಗಿ ಬಂದು ಶಿರಸಿಯಲ್ಲಿ ಕ್ಲಿನಿಕ್ ಹಾಕುತ್ತೇನೆ ಅನ್ನುವವರಿಗೆ ಅದು ಸಾಲುವುದಿಲ್ಲ. ದುಡ್ಡು ಕಡಿಮೆ ಇದ್ದು, ಭಾಷೆ ಕಲಿಯುವ ಹಟ ಇದ್ದು, ಅಲ್ಲೇ ಬದುಕು ಕಟ್ಟುವ ಮನಸ್ಸು ಇದ್ದರೆ ನಿಮ್ಮ ಕನ್ಸಲ್ಟೆನ್ಸಿ ಹೇಳಿದ ಮೂರಕ್ಕಿಂತಲೂ ಇದು ವಾಸಿ.

ಈಗ ತೋಟದ ಸಾಲ. ಇದನ್ನು ಬರೆಯುವಾಗ ನನಗೆ ಸ್ವಲ್ಪ ಸಿಟ್ಟೂ ಬರುತ್ತದೆ, ಯಾಕಂದರೆ ಇದೇ ಪ್ರಶ್ನೆ ಸಿದ್ದಾಪುರ, ಯಲ್ಲಾಪುರ ಕಡೆಯಿಂದಲೂ ಬರುತ್ತಿದೆ. ಶಿಕ್ಷಣ ಸಾಲದಲ್ಲಿ ಬ್ಯಾಂಕುಗಳ ಸಾಮಾನ್ಯ ನಿಯಮ ಹೀಗಿದೆ. 4 ಲಕ್ಷದವರೆಗೆ ಅಡಮಾನ, ಜಾಮೀನು ಬೇಡ. 7.5 ಲಕ್ಷದವರೆಗೆ ಕೆಲವು ಬ್ಯಾಂಕುಗಳು ಇನ್ನೊಬ್ಬರ ಜಾಮೀನು ಕೇಳುತ್ತವೆ. ಅದರ ಮೇಲೆ ಆಸ್ತಿ ಅಡಮಾನ. ಆಸ್ತಿ ಅಂದರೆ ಮನೆ, ಎನ್‌ಎ (ಕೃಷಿಯೇತರ) ಆದ ಸೈಟು, ಠೇವಣಿ. ಕೃಷಿ ಜಮೀನನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಸಾಲ ಕಟ್ಟದವರ ಆಸ್ತಿ ವಶಕ್ಕೆ ತೆಗೆದುಕೊಳ್ಳಲು ಬ್ಯಾಂಕುಗಳು ಬಳಸುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸದಿರುವುದು ಅದಕ್ಕೆ ಕಾರಣ. ನಿಮ್ಮ ತೋಟಕ್ಕೆ ಸೇರಿದ, ಸೊಪ್ಪು ತರುವ ಸೊಪ್ಪಿನ ಬೆಟ್ಟದ ಕಾಡು ಇದೆಯಲ್ಲ, ಅದು ಬಳಸುವ ಹಕ್ಕು ಮಾತ್ರ, ಮಾಲ್ಕಿ ಅಲ್ಲ. ಅತಿಕ್ರಮಣದ ಜಾಗವಂತೂ ಕಾಗದದಲ್ಲಿ ಇಲ್ಲವೇ ಇಲ್ಲ. ಉಳಿಯುವುದು ಪೇಟೆಯ ಸೈಟು. ಅದು ಎನ್‌ಎ ಆಗಿದೆಯೇ ನೋಡಿ.

ಬ್ಯಾಂಕ್ ಒಪ್ಪದಾಗ ಜನ ಏನು ಮಾಡುತ್ತಾರೆ ಅಂತ ನಮಗೆಲ್ಲ ಗೊತ್ತು. ಬೆಳೆ ಸಾಲ ತೆಗೆದು ಫೀ ಕಟ್ಟುತ್ತಾರೆ. ಬಂಗಾರ ಇಡುತ್ತಾರೆ. ಖಾಸಗಿ ಹಣಕಾಸು ಕಂಪನಿಗಳಿಂದ ಹೆಚ್ಚು ಬಡ್ಡಿಗೆ ತರುತ್ತಾರೆ. 40 ಲಕ್ಷ ಸಾಲ, ಹತ್ತೂವರೆ ಪರ್ಸೆಂಟ್ ಬಡ್ಡಿ, ಹತ್ತು ವರ್ಷ ಅಂತ ಹಿಡಿದರೆ ತಿಂಗಳ ಕಂತು ಸುಮಾರು 54 ಸಾವಿರ. ಓದುವ ವರ್ಷಗಳ ಬಡ್ಡಿ ಬೇರೆ. ಎಲೆಚುಕ್ಕಿ, ಕೊಳೆರೋಗ ಹತ್ತಿದ ವರ್ಷ ಎರಡು ಎಕರೆ ತೋಟದಿಂದ ಆ ಕಂತು ಹೇಗೆ ಕಟ್ಟುತ್ತೀರಿ? ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಸಿಗುತ್ತದೆ ಅಂತ ಕೆಲವರು ಹೇಳುತ್ತಾರೆ. ಅದು ನಮ್ಮ ದೇಶದೊಳಗಿನ ಆಯ್ದ ಸಂಸ್ಥೆಗಳಿಗೆ ಮಾತ್ರ, ಹೊರದೇಶಕ್ಕಲ್ಲ. ನೀವು ಪರಿಶಿಷ್ಟ ಜಾತಿ ಅಥವಾ ಪಂಗಡದವರಾದರೆ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ, ಹಿಂದುಳಿದ ವರ್ಗದವರಾದರೆ ದೇವರಾಜ ಅರಸು ನಿಗಮದ ಸಾಲ, ಇವುಗಳ ಷರತ್ತುಗಳನ್ನು ವಿಚಾರಿಸಿ.

ಹಾಗಾದರೆ ನಾನು ಏನು ಮಾಡು ಅನ್ನುತ್ತೇನೆ? ಬಿಪಿಟಿ, ಅಂದರೆ ಫಿಸಿಯೊಥೆರಪಿ ಪದವಿ, ಇಲ್ಲೇ ಓದಿಸಿ. ಹೊರದೇಶ ಬೇಕಾದರೆ ಆಮೇಲೆ ಕಳಿಸಿ.

ನಿಮಗೆ ಸೀಟು ಸಿಗದಿರುವುದು ಎರಡು ಹೆಸರಾಂತ ಕಾಲೇಜುಗಳಲ್ಲಿ, ಮತ್ತೆ ಸರ್ಕಾರಿ ಕಾಲೇಜಿನಲ್ಲಿ. ಕರ್ನಾಟಕದಲ್ಲಿ ಫಿಸಿಯೊಥೆರಪಿ ಕಾಲೇಜುಗಳು ಅಷ್ಟೇ ಅಲ್ಲವಲ್ಲ. ಮಂಗಳೂರು ಒಂದರಲ್ಲೇ ಹಲವು ಇವೆ. ಧಾರವಾಡ, ಬೆಳಗಾವಿ, ಬೆಂಗಳೂರು ಬೇರೆ. ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸೀಟು ಹಂಚಿಕೆಯ ಕೊನೆಯ ಸುತ್ತುಗಳಲ್ಲಿ ಖಾಸಗಿ ಕಾಲೇಜುಗಳ ಸೀಟು ಉಳಿದಿರುತ್ತವೆ. ಆಡಳಿತ ಮಂಡಳಿ ಕೋಟಾ ಇದೆ. ಶೇಕಡಾ 81 ಇರುವ ಹುಡುಗಿಗೆ ರಾಜ್ಯದಲ್ಲಿ ಬಿಪಿಟಿ ಸೀಟೇ ಇಲ್ಲ ಅನ್ನುವ ಪರಿಸ್ಥಿತಿ ಇಲ್ಲ. ಹಾಸ್ಟೆಲ್ ಸೇರಿ ಇಡೀ ಕೋರ್ಸನ್ನು ಹತ್ತು ಲಕ್ಷದೊಳಗೆ ಮುಗಿಸಬಹುದಾದ ಕಾಲೇಜುಗಳಿವೆ. ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಸಣ್ಣ ಕಾಲೇಜಿಗೆ ಸೇರಿದಳು ಅನ್ನುವುದಕ್ಕಿಂತ ಲಂಡನ್ನಿಗೆ ಹೋದಳು ಅನ್ನುವುದು ಮದುವೆ ಮನೆಯಲ್ಲಿ ಹೇಳಲು ಚೆಂದ. ಆ ಆಸೆ ಈ ನಿರ್ಧಾರದಲ್ಲಿ ಎಷ್ಟಿದೆ ಅಂತ ಮನೆಯಲ್ಲಿ ಕೂತು ಮಾತಾಡಿ.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ, ಆಸ್ಪತ್ರೆ ನೋಡಿ. ಸ್ವಂತ ಆಸ್ಪತ್ರೆ ಇದೆಯೇ? ಅದರಲ್ಲಿ ನರರೋಗ, ಮೂಳೆ, ಹೃದಯ, ಐಸಿಯು, ಮಕ್ಕಳ ವಿಭಾಗ ಇವೆಯೇ? ವಾರ್ಡಿನಲ್ಲಿ ರೋಗಿಗಳು ಇದ್ದಾರೆಯೇ? ಬೆಳಿಗ್ಗೆ ಹತ್ತು ಗಂಟೆಗೆ ಫಿಸಿಯೊ ಒಪಿಡಿ ಹೊರಗೆ ಒಂದು ಗಂಟೆ ಕುಳಿತುಕೊಳ್ಳಿ. ಎಷ್ಟು ಜನ ಬರುತ್ತಾರೆ, ಅವರನ್ನು ಮುಟ್ಟುವವರು ಯಾರು, ಮೆಷಿನ್ ಹಚ್ಚಿ ಬಿಟ್ಟು ಹೋಗುತ್ತಾರೋ ಅಥವಾ ವ್ಯಾಯಾಮ ಮಾಡಿಸುತ್ತಾರೋ ನೋಡಿ. ನಾನು ಮಂಗಳೂರಿನಲ್ಲಿ ಪಾಠ ಮಾಡುತ್ತಿದ್ದಾಗ ಕಂಡದ್ದು ಇದೇ. ದೊಡ್ಡ ಹೆಸರಿಲ್ಲದ, ಆದರೆ ತುಂಬಿದ ಆಸ್ಪತ್ರೆ ಇರುವ ಕಾಲೇಜಿನ ಮಕ್ಕಳ ಕೈ ಬೇಗ ಪಳಗುತ್ತದೆ. ಕೊನೆಯ ವರ್ಷದ ಹುಡುಗಿಯರನ್ನು ಪಕ್ಕಕ್ಕೆ ಕರೆದು ಕೇಳಿ, ಪ್ರಾಂಶುಪಾಲರಿಗಿಂತ ಸರಿಯಾಗಿ ಹೇಳುತ್ತಾರೆ.

ನಿಯಮಗಳು ಈಗ ಬದಲಾಗುತ್ತಿವೆ ಅನ್ನುವುದೂ ಗೊತ್ತಿರಲಿ. ಇಷ್ಟು ದಿನ ಬಿಪಿಟಿ ಅಂದರೆ ನಾಲ್ಕು ವರ್ಷ ಓದು, ಆರು ತಿಂಗಳು ಇಂಟರ್ನ್‌ಶಿಪ್. ರಾಷ್ಟ್ರೀಯ ಆಯೋಗ 2025ರಲ್ಲಿ ತಂದ ಹೊಸ ಪಠ್ಯಕ್ರಮದಲ್ಲಿ ಒಟ್ಟು ಐದು ವರ್ಷ, ಅದರಲ್ಲಿ ಒಂದು ವರ್ಷ ಇಂಟರ್ನ್‌ಶಿಪ್. ಪ್ರವೇಶಕ್ಕೆ ನೀಟ್ ಬರೆದಿರಬೇಕು ಅನ್ನುವುದೂ ಅದರಲ್ಲಿ ಬಂದಿದೆ. ಮಗಳು ಒಂದು ವರ್ಷ ಬಿಟ್ಟು ಮತ್ತೆ ಪ್ರಯತ್ನ ಮಾಡುವುದಾದರೆ ನೀಟ್ ತಪ್ಪದೆ ಬರೆಯಲಿ. ಒಳ್ಳೆಯ ಅಂಕ ಬರದಿದ್ದರೂ ಬಾಗಿಲು ಮುಚ್ಚದ ಹಾಗೆ ಇರುತ್ತದೆ. ಆ ವರ್ಷದ ಕೆಇಎ ಪ್ರಕಟಣೆಯನ್ನು ನೀವೇ ಓದಿ, ಯಾರೋ ಹೇಳಿದ್ದನ್ನು ಕೇಳಬೇಡಿ.

ಬಿಪಿಟಿ ಆದ ಮೇಲಿನ ದಾರಿ ಹೇಗಿರುತ್ತದೆ? ಮೊದಲು ಒಂದೆರಡು ವರ್ಷ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ. ಸಂಬಳ ಕಡಿಮೆ, ಸುಳ್ಳು ಹೇಳುವುದಿಲ್ಲ. ಶುರುವಿನಲ್ಲಿ ತಿಂಗಳಿಗೆ 15ರಿಂದ 25 ಸಾವಿರ. ಮಕ್ಕಳು ಹೊರದೇಶ ಹುಡುಕುವುದಕ್ಕೆ ದೊಡ್ಡ ಕಾರಣ ಇದೇ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಎರಡು ವರ್ಷದ ಅನುಭವ ಎಲ್ಲ ಕಡೆ ಬೆಲೆ ತರುತ್ತದೆ. ಗಲ್ಫ್ ಅಂದರೆ ನಮ್ಮ ಕರಾವಳಿಯವರಿಗೆ, ಅದರಲ್ಲೂ ಭಟ್ಕಳದವರಿಗೆ, ಹೇಳಿಕೊಡಬೇಕಾಗಿಲ್ಲ. ಅಲ್ಲಿಯೂ ಪದವಿ, ಅನುಭವ, ಲೈಸೆನ್ಸ್ ಪರೀಕ್ಷೆ ಕೇಳುತ್ತಾರೆ. ಡೇಟಾಫ್ಲೋ ಅನ್ನುವ ಸಂಸ್ಥೆ ಪ್ರಮಾಣಪತ್ರಗಳನ್ನು ಕೊಟ್ಟ ಕಡೆಗೇ ಕೇಳಿ ಖಾತ್ರಿ ಮಾಡಿಕೊಳ್ಳುತ್ತದೆ. ಕೆಲಸ ಮಾಡದೆ ಬರೆಸಿಕೊಂಡ ಅನುಭವ ಪತ್ರ ಅಲ್ಲಿ ಸಿಕ್ಕಿಬೀಳುತ್ತದೆ.

ಇಂಗ್ಲೆಂಡಿಗೆ ಇಲ್ಲಿನ ಬಿಪಿಟಿ ಹಿಡಿದೇ ಎಚ್‌ಸಿಪಿಸಿಗೆ ಅರ್ಜಿ ಹಾಕಬಹುದು. ಅವರು ನಮ್ಮ ಪಠ್ಯಕ್ರಮ, ಪ್ಲೇಸ್‌ಮೆಂಟ್ ಗಂಟೆ, ಅನುಭವ ಎಲ್ಲ ನೋಡಿ ತಮ್ಮ ಮಟ್ಟಕ್ಕೆ ಹೋಲಿಸುತ್ತಾರೆ. ಕೊರತೆ ಕಂಡರೆ ಅಡಾಪ್ಟೇಶನ್ ಅವಧಿ (ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿ ಕಲಿಯುವ ಅವಧಿ) ಅಥವಾ ಪರೀಕ್ಷೆ ಹೇಳುತ್ತಾರೆ. ಅದಕ್ಕೂ ಇಂಗ್ಲಿಷ್ ಮಟ್ಟ ಅದೇ 7. ಇಲ್ಲಿ ಇನ್ನೊಂದು ಎಡವಟ್ಟು ಆಗುತ್ತದೆ, ಈಗಲೇ ತಿಳಿದಿರಲಿ. ಬಿಪಿಟಿ ಆದವರಿಗೆ ಒಂದು ವರ್ಷದ ಎಂಎಸ್ಸಿ ಅಡ್ವಾನ್ಸ್ಡ್ ಫಿಸಿಯೊಥೆರಪಿ ಮಾರುತ್ತಾರೆ. ಅದು ಒಳ್ಳೆಯ ಓದೇ, ಆದರೆ ಅದನ್ನು ಮುಗಿಸಿದ ಮಾತ್ರಕ್ಕೆ ನೋಂದಣಿ ಸಿಗುವುದಿಲ್ಲ. ಎಚ್‌ಸಿಪಿಸಿ ಅರ್ಜಿ ಬೇರೆಯೇ ಹಾಕಬೇಕು. ನೋಂದಣಿ ಮೊದಲು, ಎಂಎಸ್ಸಿ ಆಮೇಲೆ ಅಂತ ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಆಸ್ಟ್ರೇಲಿಯಾಕ್ಕೆ ಅಲ್ಲಿನ ಫಿಸಿಯೊಥೆರಪಿ ಕೌನ್ಸಿಲ್‌ನ ಲಿಖಿತ ಪರೀಕ್ಷೆ, ಆಮೇಲೆ ರೋಗಿಯ ಮುಂದೆ ನಿಂತು ಮಾಡುವ ಪರೀಕ್ಷೆ. ಎದೆ-ಉಸಿರಾಟ, ಮೂಳೆ-ಸ್ನಾಯು, ನರ, ಹೀಗೆ ಮೂರು ವಿಭಾಗ. ಕೆನಡಾಕ್ಕೂ ಪದವಿಯ ಪರಿಶೀಲನೆ ಮತ್ತೆ ಪರೀಕ್ಷೆ. ಇವಕ್ಕೆಲ್ಲ ದುಡ್ಡು ಬೇಕು, ಆದರೆ ಅದು ಲಕ್ಷಗಳ ಮಾತು, ಕೋಟಿಯದಲ್ಲ. ಅಷ್ಟು ಹೊತ್ತಿಗೆ ಮಗಳಿಗೆ ಇಪ್ಪತ್ತನಾಲ್ಕು ವರ್ಷ ಆಗಿರುತ್ತದೆ, ಸ್ವಂತ ಸಂಬಳ ಇರುತ್ತದೆ, ಯಾವ ದೇಶ ಬೇಕು ಅಂತ ಅವಳೇ ಹೇಳುತ್ತಾಳೆ.

ಪಿಯುಸಿ ಮುಗಿದ ಕೂಡಲೇ ಕಳಿಸುವುದು ಯಾರಿಗೆ ಸರಿ? ಅಲ್ಲಿ ಸೋದರಮಾವನೋ, ಚಿಕ್ಕಪ್ಪನೋ ಇದ್ದು ಇರಲು ಮನೆ ಇರುವವರಿಗೆ. ಜಮೀನು ಮುಟ್ಟದೆ ಫೀ ಕಟ್ಟಲು ಆಗುವವರಿಗೆ. ಮಂಡಳಿ ಒಪ್ಪಿದ ಕೋರ್ಸಿನ ಆಫರ್ ಕೈಯಲ್ಲಿ ಇರುವವರಿಗೆ. ಮೂರೂ ಇದ್ದರೆ ನಾನೇ ಹೋಗು ಅನ್ನುತ್ತೇನೆ. ಅಂಥ ಮಕ್ಕಳು ಚೆನ್ನಾಗಿ ಬೆಳೆದದ್ದನ್ನು ನೋಡಿದ್ದೇನೆ.

ಮಗಳಿಗೆ ಇನ್ನೊಂದು ವಿಷಯ ಹೇಳಿ, ಇಲ್ಲಿ ಕೆಲಸ ಇಲ್ಲ ಅಂತ ಅಂದುಕೊಳ್ಳುವುದು ಬೇಡ. ದೊಡ್ಡ ಆಪರೇಶನ್‌ಗೆ ನಮ್ಮ ಜಿಲ್ಲೆಯವರು ಇವತ್ತಿಗೂ ಮಣಿಪಾಲ, ಮಂಗಳೂರು, ಗೋವಾ, ಹುಬ್ಬಳ್ಳಿಗೆ ಓಡುತ್ತಾರೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ 2022ರಲ್ಲಿ ಜಿಲ್ಲೆಯ ಜನ ಎಬ್ಬಿಸಿದ ಕೂಗು ನೆನಪಿದೆಯಲ್ಲ? ಆಪರೇಶನ್ ಅಲ್ಲಿ ಆಗುತ್ತದೆ. ಆಮೇಲಿನ ಮೂರು ತಿಂಗಳು ಮೊಣಕಾಲು ಬಗ್ಗಿಸುವವರು, ಕೈ ಎತ್ತಿಸುವವರು ಮನೆ ಹತ್ತಿರ ಬೇಕು. ಹಳ್ಳಿಗಳಲ್ಲಿ ಅವರು ಇಲ್ಲ. ಅಡಿಕೆ ಕೊನೆ ಕೊಯ್ಯಲು ಮರ ಹತ್ತಿ ಬಿದ್ದು ಬೆನ್ನುಮೂಳೆಗೆ ಪೆಟ್ಟಾದವರು ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಮಲಗಿದ್ದಾರೆ ಅಂತ ನಿಮಗೇ ಗೊತ್ತು. ಈಗ ನೆಲದಲ್ಲಿ ನಿಂತೇ ಕೊನೆ ಕೊಯ್ಯುವ ಕಾರ್ಬನ್ ದೋಟಿ ಬಂದಿದೆ. ನನ್ನಲ್ಲಿಗೆ ಮರದಿಂದ ಬಿದ್ದು ಬರುವವರು ಕಡಿಮೆಯಾಗಿ, ದಿನವಿಡೀ ಮೇಲೆ ನೋಡಿ ಕುತ್ತಿಗೆ, ಭುಜ ಹಿಡಿದುಕೊಂಡು ಬರುವವರು ಜಾಸ್ತಿಯಾಗಿದ್ದಾರೆ. ಇದರ ಬಗ್ಗೆ ಇಂಗ್ಲೆಂಡಿನ ಯಾವ ಕಾಲೇಜಿನಲ್ಲೂ ಪಾಠ ಇಲ್ಲ.

ಈಗ ಮಾಡಬೇಕಾದದ್ದು ಇಷ್ಟು. ಕೆಇಎ ಮುಂದಿನ ಸುತ್ತಿನ ದಿನಾಂಕ ನೋಡಿ, ಆಯ್ಕೆ ಪಟ್ಟಿಯಲ್ಲಿ ಮಂಗಳೂರು, ಧಾರವಾಡದ ಕಾಲೇಜುಗಳನ್ನು ಸೇರಿಸಿ. ಎರಡು ಕಾಲೇಜಿನ ಒಪಿಡಿಗೆ ಖುದ್ದಾಗಿ ಹೋಗಿ ಬನ್ನಿ, ಮಗಳನ್ನೂ ಕರೆದುಕೊಂಡು ಹೋಗಿ. ಕನ್ಸಲ್ಟೆನ್ಸಿಯವರಿಗೆ ನಾನು ಮೇಲೆ ಹೇಳಿದ ಪ್ರಶ್ನೆಯ ಇ-ಮೇಲ್ ಹಾಕಿ. ಮುಂಗಡ ಕೊಟ್ಟಿದ್ದರೆ ರಸೀದಿ ಮತ್ತೆ ವಾಪಸಾತಿ ಷರತ್ತಿನ ಕಾಗದ ಹುಡುಕಿ ತೆಗೆದಿಡಿ. ಮಗಳ ಪಾಸ್‌ಪೋರ್ಟ್, ಮೂಲ ಅಂಕಪಟ್ಟಿ ಅವರ ಹತ್ತಿರ ಬಿಟ್ಟಿದ್ದರೆ ಈ ವಾರವೇ ಹೋಗಿ ತಂದುಬಿಡಿ, ಅರ್ಜಿ ಹಾಕಲು ಅವುಗಳ ನಕಲು ಸಾಕು.